ವಾಲ್ವ್ ಆಂಪ್ಲಿಫೈಯರ್‌ನ ಗುಂಯ್ ಸದ್ದು ಹುಡುಕುವುದು ಹೇಗೆ?

ಪ್ರಶ್ನೆ, ಬೆಳಗಾವಿಯ ಟಿಳಕವಾಡಿಯಿಂದ:
ಹಳೆಯ ಗಿಟಾರ್ ಆಂಪ್ಲಿಫೈಯರ್ ಕೊಂಡಿದ್ದೇನೆ. ಗಾಜಿನ ಕೊಳವೆಯಂಥ ವಾಲ್ವ್‌ಗಳು ನಾಲ್ಕು: ಸ್ಪೀಕರಿಗೆ ಬಲ ಕೊಡುವ ಇಎಲ್84 ಎರಡು, ಗಿಟಾರಿನ ಸಣ್ಣ ಸಂಕೇತ ಹಿಗ್ಗಿಸುವ ಚಿಕ್ಕ 12ಎಎಕ್ಸ್7 ಎರಡು. ಗಿಟಾರ್ ಸಿಕ್ಕಿಸದಿದ್ದರೂ, ವಾಲ್ಯೂಮ್ ಸೊನ್ನೆಗಿಳಿಸಿದರೂ ಗುಂಯ್ ನಿಲ್ಲದು. ಅಂಗಡಿಯವರೊಬ್ಬರು ಟ್ರಾನ್ಸ್‌ಫಾರ್ಮರ್ ಬದಲಿಸಿ ಎಂದರು. ಬೆಲೆ ಕೇಳಿ ಎದ್ದು ಬಂದೆ.

ಉತ್ತರ, ವಿಜಯಪುರ:
ಪ್ಲಗ್ಗಿನ ಅರ್ಥ್ ಪಿನ್ ತೆಗೆದು ನೋಡಿ. ಬಹಳ ಜನ ಹಾಗೆಯೇ ಮಾಡುತ್ತಾರೆ.

ಉತ್ತರ, ಬಾಗಲಕೋಟೆ, ರೇಡಿಯೊ ರಿಪೇರಿಯವನು:
ತಮ್ಮಾ, ಆ ಪಿನ್ ಮುಟ್ಟಬೇಡ! ಒಳಗೆ ದೋಷ ಬಂದ ದಿನ ಗಿಟಾರಿನ ತಂತಿಯಲ್ಲೇ ಕರೆಂಟ್ ಹರಿದೀತು. ಟ್ರಾನ್ಸ್‌ಫಾರ್ಮರ್ ಪಾಪ, ಅದನ್ನೇಕೆ ದೂರುವುದು? ಮೊದಲು ಸ್ವರ ಕೇಳು. ಆರನೆಯ ದಪ್ಪ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ 98 ಹರ್ಟ್ಸ್. ಗುಂಯ್ ಅದಕ್ಕೆ ಹೆಚ್ಚುಕಡಿಮೆ ಕೂಡಿದರೆ ಅದು 100 ಹರ್ಟ್ಸ್. ಒಳಗಿನ ವಿದ್ಯುತ್ತಿನ ಏರಿಳಿತ ಸಮಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿರುವ ಅನುಮಾನ. ಒಂದು ಸಪ್ತಕ ಕೆಳಗಿದ್ದರೆ 50. ವಾಲ್ವ್ ಕಾಯಿಸುವ ಹೀಟರ್‌ನ ತಂತಿ, ಅರ್ಥ್ ಎರಡು ದಾರಿಯಲ್ಲಿ ಕೂಡಿ ಸುತ್ತಾಗುವ ಅರ್ಥ್ ಲೂಪ್ ನೋಡು. ಬಳಿಕ ಸ್ವಿಚ್ ಆರಿಸಿ, ತಣಿದ ಮೇಲೆ 12ಎಎಕ್ಸ್7 ಎರಡನ್ನೂ ಕಳಚಿಟ್ಟು, ಅವಿಲ್ಲದೆಯೇ ಮತ್ತೆ ಸ್ವಿಚ್ ಹಾಕು. ಆಗಲೂ ಗುಂಯ್ ಎಂದರೆ ದೋಷ ಪವರ್ ಸಪ್ಲೈ ಕಡೆ, ಇಲ್ಲವೇ ಇಎಲ್84 ಎರಡೂ ಒಂದೇ ಸಮ ಕರೆಂಟ್ ಎಳೆಯುತ್ತಿಲ್ಲ.

ಪ್ರಶ್ನೆ ಕೇಳಿದವರು:
ಸ್ವರ ಕೂಡಿತು ಕಾಕಾ, ಚಿಕ್ಕ ವಾಲ್ವ್ ತೆಗೆದರೂ ಸದ್ದು ಹಾಗೆಯೇ ಇದೆ. ಒಂದು ಕೆಪಾಸಿಟರ್ ಬುಡದಲ್ಲಿ ಕಂದು ಅಂಟು ಒಸರಿದೆ.

ಬಾಗಲಕೋಟೆ:
ಸಿಕ್ಕಿತಲ್ಲ! ಆರಿಸಿದ ಮೇಲೂ ಅದರಲ್ಲಿ 300 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲೆ ಕೈ ಹಾಕು. ಹಳೆಯದರ ಮೇಲೆ ಬರೆದ ವೋಲ್ಟಿಗಿಂತ ಕಡಿಮೆಯದನ್ನು ಹಾಕಬೇಡ, ಧನ-ಋಣ ಅದಲುಬದಲಾಗದಿರಲಿ.