ಅಪ್‌ಡೇಟ್: ಕಿವಿಯೊಳಗಿನ ಜೀರುಂಡೆ

ಎರಡು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆಯಾ? ರಾತ್ರಿ ಮಲಗಿದರೆ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ 'ಕ್ರೀ' ಅನ್ನುತ್ತದೆ, ಏನು ಮಾಡಲಿ ಅಂತ. ನಮ್ಮ ತೋಟದಲ್ಲಿ ನಿಜವಾದ ಜೀರುಂಡೆಗೂ ಕೊರತೆ ಇಲ್ಲ. ಕಿಟಕಿ ಮುಚ್ಚಿದ ಮೇಲೇ ವ್ಯತ್ಯಾಸ ಗೊತ್ತಾಗಿದ್ದು!

ಮಡಿಕೇರಿಯಲ್ಲಿ ಇಎನ್‌ಟಿ ಡಾಕ್ಟರಿಗೆ ತೋರಿಸಿದೆ. ಮೊದಲು ಗುಗ್ಗೆ ತೆಗೆದರು, ಆಮೇಲೆ ಆಡಿಯೋಗ್ರಾಂ, ಅಂದರೆ ಯಾವ ಸ್ವರ ಎಷ್ಟು ಕೇಳಿಸುತ್ತದೆ ಅಂತ ಗೆರೆ ಎಳೆದು ತೋರಿಸುವ ಪರೀಕ್ಷೆ. ಗೆರೆ 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸ್ವರದ ಕಡೆ, ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಜೋರು ಸದ್ದಿನ ಪೆಟ್ಟು ಹೀಗೇ ಕಾಣುತ್ತದಂತೆ. ಹದಿನೈದು ವರ್ಷ ಕಳೆ ಕೊಚ್ಚುವ ಮೆಷಿನ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆಯೋದು. ಒಂದಕ್ಕೂ ಕಿವಿ ಮುಚ್ಚಿದವನಲ್ಲ. ಕೇಳಿಸದ ಸ್ವರದ ಜಾಗವನ್ನು ಮಿದುಳೇ ತುಂಬಿಸಲು ಹೋಗುತ್ತದೆ ಅಂತ ವಿವರಿಸಿದರು. ಒಂದೇ ಕಿವಿಯಲ್ಲಿದ್ದರೆ, ಇಲ್ಲಾ ನಾಡಿಯ ಹಾಗೆ ಬಡಿದರೆ, ಸ್ಕ್ಯಾನ್ ಬೇಕಾಗಬಹುದಿತ್ತು.

ಇದನ್ನು ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲವಂತೆ. ಬೇಜಾರಾಯ್ತು.

ಈಗ ರಾತ್ರಿ ಫೋನಲ್ಲಿ ಸಣ್ಣಗೆ ಮಳೆ ಸದ್ದು ಹಾಕಿ ಮಲಗುತ್ತೇನೆ. ಕೊಡಗಿನವರು ಮಳೆ ರೆಕಾರ್ಡಿಂಗ್ ಕೇಳೋದಾ ಅಂತ ಹೆಂಡತಿ ನಗುತ್ತಾಳೆ. ಜೂನ್ ಬಂದರೆ ಅದೂ ಬೇಡ, ಅಲ್ವಾ? ಮೆಷಿನ್ ಹಿಡಿದರೆ ಇಯರ್‌ಮಫ್ ಕಡ್ಡಾಯ. ಸದ್ದು ಇನ್ನೂ ಇದೆ. ನಿನ್ನೆ ಮೆಣಸು ಕೊಯ್ಯುವಾಗ ಮಾತ್ರ ಮಧ್ಯಾಹ್ನದವರೆಗೂ ಅದರ ನೆನಪೇ ಬರಲಿಲ್ಲ.