ಪೊಲೀಸರು 'ಬಿಟ್ಟು ಕಳಿಸುವುದಕ್ಕೆ' 'ಮುಲಾಜು' ಅಲ್ಲದ ಬೇರೆ ಪದ ಇದೆಯೇ?

ಸಣ್ಣ ತಪ್ಪು ಕಂಡಾಗ ಪೊಲೀಸರು ಕೆಲವೊಮ್ಮೆ ದಂಡ ಹಾಕದೆ ಬುದ್ಧಿ ಹೇಳಿ ಕಳಿಸುತ್ತಾರಲ್ಲ, ಅದಕ್ಕೆ ಆಡುಮಾತಿನಲ್ಲಿ ಸರಿಯಾದ ಪದ ಯಾವುದು? ಕಚೇರಿ ಕನ್ನಡದ 'ವಿವೇಚನಾಧಿಕಾರ' ಗೊತ್ತು. ಆದರೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಯಾರ ಬಾಯಲ್ಲೂ ಆ ಪದ ಬರುವುದಿಲ್ಲ.

ಕುಮಟಾ ಹತ್ತಿರ ಹೆದ್ದಾರಿ 66ರ ಬದಿಗೆ ಹೆಲ್ಮೆಟ್ ತಪಾಸಣೆ ನಡೆದಿತ್ತು. ವಯಸ್ಸಾದವರೊಬ್ಬರು ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಅವರ ತಲೆಗೆ ಹೆಲ್ಮೆಟ್ ಇತ್ತು, ಆಕೆಗೆ ಇರಲಿಲ್ಲ, ಸೆರಗಿನ ಒಳಗೆ ಹಣೆಗೆ ಬ್ಯಾಂಡೇಜ್ ಸುತ್ತಿತ್ತು. ಪೊಲೀಸರು ಆಸ್ಪತ್ರೆ ಚೀಟಿ ನೋಡಿ, 'ನಿಧಾನ ಹೋಗಿ ಅಜ್ಜ' ಅಂತ ಬಿಟ್ಟರು. ಅವರ ಹಿಂದಿನಿಂದ ಬಂದ ಹುಡುಗನಿಗೆ ದಂಡದ ರಸೀದಿ ಕೊಟ್ಟರು. ಅವನು ಕೇಳಿದ್ದು ಒಂದೇ ಮಾತು: 'ಅವರು ನಿಮ್ಮ ಗುರ್ತದವರಾ?'

ಆ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ನಮ್ಮಲ್ಲಿರುವ ಪದಗಳೇ ಹಾಗಿವೆ. ದಾಕ್ಷಿಣ್ಯ, ಮುಲಾಜು, ವಶೀಲಿ, ಎಲ್ಲವೂ ಎದುರಿಗಿರುವ ಆಳನ್ನು ನೋಡುತ್ತವೆ, ಅವನ ಕಷ್ಟವನ್ನಲ್ಲ. 'ಮುಖ ನೋಡಿ ಮಣೆ ಹಾಕುವುದು' ಅನ್ನುವುದೂ ಇದನ್ನೇ. ಪತ್ರಿಕೆಗಳಲ್ಲಿ 'ಮುಲಾಜಿಲ್ಲದೆ ಕ್ರಮ' ಅಂತ ಓದಿ ಓದಿ, ಬಿಟ್ಟರು ಅಂದರೆ ಮುಲಾಜಿಗೇ ಬಿಟ್ಟರು ಅನ್ನುವ ಅರ್ಥ ನಿಂತುಬಿಟ್ಟಿದೆ. ಈ ಮುಲಾಜು ಅರಬ್ಬಿ ಮೂಲದ್ದು, ಮರಾಠಿಯಲ್ಲಿ ಮುಲಾಹಿಜಾ. ಮೂಲದ ಅರ್ಥ ಗಮನವಿಟ್ಟು ನೋಡುವುದು. ನನಗೆ ಬೇಕಾಗಿರುವುದು ಆ ಹಳೆಯ ಅರ್ಥವೇ, ಆದರೆ ಈಗ ಅದನ್ನು ಆ ಪದಕ್ಕೆ ಮತ್ತೆ ತುಂಬುವುದು ಕಷ್ಟ ಅಲ್ವಾ?

'ವಿನಾಯಿತಿ' ಕೂಡುವುದಿಲ್ಲ. ಅದು ಕಾನೂನೇ ಕೊಡುವಂಥದ್ದು: 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪೇಟ ಸುತ್ತಿದ ಸಿಖ್ಖರಿಗೆ ಹೆಲ್ಮೆಟ್‌ನಿಂದ ಕೊಟ್ಟಿರುವುದು ವಿನಾಯಿತಿ. 'ರಿಯಾಯಿತಿ' ದುಡ್ಡಿನ ಮಾತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡ ಅರ್ಧ ಕಟ್ಟಿದರೆ ಸಾಕು ಅಂತ ಸರ್ಕಾರ ಹೇಳಿತಲ್ಲ, ಅದಕ್ಕೆ ಆ ಪದ ಸರಿ. ಸ್ಥಳದಲ್ಲೇ ಕಟ್ಟುವ ದಂಡ ಎಷ್ಟು ಅನ್ನುವುದನ್ನು ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. 2019ರಲ್ಲಿ 1000 ರೂಪಾಯಿಗೆ ಏರಿದ್ದ ಹೆಲ್ಮೆಟ್ ದಂಡವನ್ನು ಅದೇ ಸೆಪ್ಟೆಂಬರಿನಲ್ಲಿ 500ಕ್ಕೆ ಇಳಿಸಿದ್ದೂ ಸರ್ಕಾರವೇ. ರಸ್ತೆಯಲ್ಲಿ ನಿಂತ ಪೊಲೀಸರ ಕೈಯಲ್ಲಿರುವುದು ಹಾಕಬೇಕೋ ಬಿಡಬೇಕೋ ಅನ್ನುವಷ್ಟೇ. ನನ್ನ ಹುಡುಕಾಟ ಆ 'ಅಷ್ಟಕ್ಕೆ'.

ಸದ್ಯಕ್ಕೆ ನಾನು 'ಕಾರಣ ಹೇಳಿ ಬಿಟ್ಟರು' ಅಂತ ಬರೆಯುತ್ತಿದ್ದೇನೆ. 'ಸಂದರ್ಭ ನೋಡಿ ಬಿಟ್ಟರು' ಅನ್ನುವುದಕ್ಕಿಂತ ಇದು ಮೇಲು ಅನ್ನಿಸುತ್ತದೆ, ಯಾಕೆಂದರೆ ಪೊಲೀಸರು ಸಂದರ್ಭ ನೋಡಿದ್ದೇನೋ ಹೌದು, ಹುಡುಗನಿಗೆ ಅದು ಕಾಣಲಿಲ್ಲ. 'ಅಜ್ಜಿಗೆ ಹಣೆಗೆ ಪೆಟ್ಟಾಗಿದೆ ಮಾರಾಯ' ಅಂತ ಒಂದು ಮಾತು ಹೇಳಿದ್ದರೆ ಅವನು ದಂಡ ಕಟ್ಟಿ ಬೈಯದೆ ಹೋಗುತ್ತಿದ್ದ.

ಶಿರಸಿ, ಸಿದ್ದಾಪುರ, ಭಟ್ಕಳದ ಕಡೆಯವರು ಹೇಳಿ, ನಿಮ್ಮಲ್ಲಿ ಇದಕ್ಕೆ ಏನನ್ನುತ್ತಾರೆ? ಗುರ್ತು ಪರಿಚಯದ ವಾಸನೆ ಇಲ್ಲದ ಪದ ಬೇಕು. ಕ್ರಿಯಾಪದವಾದರೆ ಇನ್ನೂ ಒಳ್ಳೆಯದು.