ಹಳೆ ವರ್ಡ್ ಫೈಲ್ ಎಲ್ಲ ಲಾಕ್ ಆಗುತ್ತಂತೆ

2025ರ ಅಕ್ಟೋಬರ್ ಮೊದಲ ವಾರದಲ್ಲಿ ನಮ್ಮ ಮನೆಯವರ ಗ್ರೂಪ್‌ಗೆ ಚಿತ್ರದುರ್ಗದ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು. ಎಷ್ಟೋ ಕೈ ದಾಟಿ ಬಂದದ್ದು. ಮೇಲೆ ಎರಡು ಬಾಣದ ಗುರುತಿತ್ತು.

"ಎಚ್ಚರಿಕೆ! 2025ರ ಅಕ್ಟೋಬರ್ 14ರ ನಂತರ ಹಳೆ ಮೈಕ್ರೋಸಾಫ್ಟ್ ಆಫೀಸ್‌ನಲ್ಲಿ ಮಾಡಿದ ವರ್ಡ್, ಎಕ್ಸೆಲ್ ಫೈಲ್ ಎಲ್ಲ ಲಾಕ್. ತಿಂಗಳ ಬಾಡಿಗೆ ಕಟ್ಟಿದವರಿಗೆ ಮಾತ್ರ ತೆರೆಯುತ್ತದೆ. ಸಣ್ಣ ವ್ಯಾಪಾರಿಗಳಿಗೆ ದೊಡ್ಡ ಪೆಟ್ಟು. ಎಲ್ಲ ಗ್ರೂಪ್‌ಗೂ ಕಳಿಸಿ."

ಅದರ ಕೆಳಗೆ ಚಿಕ್ಕಪ್ಪನ ಸ್ವಂತ ಮಾತು: "ನಾನು ಮೊದಲೇ ಹೇಳಿದ್ದೆ. ಫೈಲ್ ಎಲ್ಲ ಇಂಟರ್ನೆಟ್‌ನಲ್ಲಿಡಿ, ಕ್ಲೌಡ್ ಕ್ಲೌಡ್ ಅಂತ ಕುಣಿದವರು ಈಗ ಉತ್ತರ ಕೊಡಿ."

ನಮ್ಮದು ಅಜ್ಜ ಶುರು ಮಾಡಿದ ಪ್ರಿಂಟಿಂಗ್ ಪ್ರೆಸ್. ಈಗ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಮೂರು ಕಡೆ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಶಾಲೆಗಳ ಕೆಲಸ. ಮೂರೂ ಕಡೆಯವರು ಒಂದೇ ರೇಟ್ ಲಿಸ್ಟ್ ನೋಡಬೇಕು, ಒಂದೇ ಪ್ರೂಫ್ ತಿದ್ದಬೇಕು. ಹಾಗಾಗಿ ಫೈಲ್ ಲಾಕ್ ಅಂದ ಕೂಡಲೇ ಎಲ್ಲರೂ ಎದ್ದು ಕೂತರು.

ಬೆಂಗಳೂರಿನ ಅಕ್ಕ ಲೆಕ್ಕಪರಿಶೋಧಕರ ಆಫೀಸ್‌ನಲ್ಲಿ ಕೆಲಸ ಮಾಡುತ್ತಾಳೆ. ಯಾವ ಫಾರ್ವರ್ಡ್ ಬಂದರೂ ಮೊದಲ ಪ್ರಶ್ನೆ ಅವಳದು.

ಅಕ್ಕ: "ಚಿಕ್ಕಪ್ಪ, ಇದು ಎಲ್ಲಿಂದ ಬಂತು? ಕಂಪನಿಯವರು ಹೇಳಿದ್ದರ ಲಿಂಕ್ ಇದೆಯಾ?"

ಚಿಕ್ಕಪ್ಪ: "ವರ್ತಕರ ಗ್ರೂಪ್‌ನಲ್ಲಿ ಬಂದಿದೆ. ದೊಡ್ಡ ದೊಡ್ಡವರು ಇದ್ದಾರೆ ಅದರಲ್ಲಿ. ಅವರೇನು ಸುಮ್ನೆ ಹಾಕ್ತಾರಾ?"

ಅಕ್ಕ: "ಅವತ್ತು ನಿಲ್ಲೋದು ಆಫೀಸ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಬೆಂಬಲ. ಅಂದರೆ ಭದ್ರತೆಯ ಅಪ್‌ಡೇಟ್ ಬರಲ್ಲ. ಪ್ರೋಗ್ರಾಂ ಓಡುತ್ತೆ, ಫೈಲ್ ತೆರೆಯುತ್ತೆ. ನಿಮ್ಮ ಬ್ರಾಂಚ್‌ನಲ್ಲಿ ಯಾವ ಆಫೀಸ್ ಇದೆ?"

ಚಿಕ್ಕಪ್ಪ: "2007."

ಅಕ್ಕ: "ಅದರ ಬೆಂಬಲ 2017ರ ಅಕ್ಟೋಬರ್‌ನಲ್ಲೇ ಮುಗಿದಿದೆ. ಎಂಟು ವರ್ಷ ಆಯ್ತು. ಇವತ್ತು ಬೆಳಗ್ಗೆ ಫೈಲ್ ತೆರೆದ್ರಿ ಅಲ್ವಾ?"

ಫಾರ್ವರ್ಡ್ ಸುಳ್ಳು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ. ಆದರೆ ಗ್ರೂಪ್‌ನಲ್ಲಿ ಯಾರೂ ಅಲ್ಲಿಗೆ ನಿಲ್ಲಲಿಲ್ಲ.

ಚಿಕ್ಕಪ್ಪ: "ನೋಡವ್ವಾ, ನೀನು ಓದಿದವಳು, ಒಪ್ತೀನಿ. ಆದರೆ ದೊಡ್ಡವರು ಒಂದು ಮಾತು ಹೇಳಿದರೆ ಪರೀಕ್ಷೆ ಪೇಪರ್ ಥರ ತಿದ್ದಬೇಡ."

ದೊಡ್ಡಪ್ಪ: "ಸಾಫ್ಟ್‌ವೇರ್ ಇವತ್ತು ಬರುತ್ತೆ, ನಾಳೆ ಹೋಗುತ್ತೆ. ನಮ್ಮ ಅಪ್ಪ ಒಂದೇ ಲೆಡ್ಜರ್‌ನಲ್ಲಿ ಮೂವತ್ತು ವರ್ಷ ವ್ಯವಹಾರ ಮಾಡಿದರು. ಯಾವ ಪಾಸ್‌ವರ್ಡೂ ಇರಲಿಲ್ಲ. ಮನೆಯವರಲ್ಲಿ ನಂಬಿಕೆ ಇದ್ದರೆ ಸಾಕು."

ಅಣ್ಣ: "ಅಪ್ಪಾ, ನಂಬಿಕೆ ಮಾತು ನೀವು ತೆಗೆದಿದ್ದೇ ಒಳ್ಳೇದಾಯ್ತು. ಸೊಸೈಟಿ ಬಿಲ್ ಬುಕ್ ವಿಷಯದಲ್ಲಿ ನನ್ನನ್ನ ಯಾರು ನಂಬಿದರು?"

ಅಲ್ಲಿಂದ ಮಾತಿನ ದಾರಿ ಬದಲಾಯಿತು. ಹೊರಗಿನವರಿಗಾಗಿ ಹೇಳಬೇಕು. ಲಾಕ್‌ಡೌನ್ ಕಾಲದಲ್ಲಿ ನಮ್ಮ ಡಿಟಿಪಿ ಹುಡುಗ, ಅಂದರೆ ಕಂಪ್ಯೂಟರ್‌ನಲ್ಲಿ ಅಕ್ಷರ, ಪುಟ ಜೋಡಿಸುವವನು, ಗೂಗಲ್ ಶೀಟ್‌ನಲ್ಲಿ ರೇಟ್ ಲಿಸ್ಟ್ ಮಾಡಿಕೊಟ್ಟ. ಇಂಟರ್ನೆಟ್‌ನಲ್ಲಿ ಎಲ್ಲರೂ ಒಟ್ಟಿಗೆ ನೋಡಿ ತಿದ್ದುವ ಪಟ್ಟಿ ಅದು. ಪೇಪರ್ ದರ ಏರಿದ ಹೊತ್ತಿನಲ್ಲಿ ಚಿಕ್ಕಪ್ಪ ಅದನ್ನು ನೋಡಿ ಒಂದು ಸೊಸೈಟಿಗೆ ಕೊಟೇಶನ್ ಕೊಟ್ಟರು. ಅದರಲ್ಲಿ ಮ್ಯಾಪ್ಲಿಥೊ ಕಾಗದದ ರೀಮಿನ ದರ ಹಳೆಯದಿತ್ತು. ಕೆಲಸ ಸಿಕ್ಕಿತು, ನಷ್ಟವೂ ಆಯಿತು. ಹೊಸ ದರ ಅಳಿಸಿ ಹಳೆಯದನ್ನು ಹಾಕಿದ್ದು ಅಣ್ಣನೇ ಅಂತ ಚಿಕ್ಕಪ್ಪ ಇಂದಿಗೂ ನಂಬಿದ್ದಾರೆ. ತಾನು ಮುಟ್ಟೇ ಇಲ್ಲ ಅಂತ ಅಣ್ಣ ಹೇಳುತ್ತಲೇ ಇದ್ದಾನೆ.

ಈ ಬಿಸಿಯ ನಡುವೆ ಶಿವಮೊಗ್ಗದ ಭಾವ ಒಂದು ಕಪ್ಪುಬಿಳುಪು ಫೋಟೋ ಹಾಕಿದರು. ಅಜ್ಜ ಹಳೆ ಅಚ್ಚಿನ ಟ್ರೆಡಲ್ ಮೆಷಿನ್ ಪಕ್ಕ ನಿಂತದ್ದು.

ಭಾವ: "ಆಗ ಲಾಕೂ ಇಲ್ಲ, ಕ್ಲೌಡೂ ಇಲ್ಲ. ಅಚ್ಚುಮೊಳೆ ಜೋಡಿಸೋದು, ಗ್ಯಾಲಿ ಕಟ್ಟೋದು, ಪ್ರೂಫ್ ತೆಗೆಯೋದು. ಒತ್ತಕ್ಷರಕ್ಕೆ ಬೇರೆ ಮೊಳೆ ಹುಡುಕಬೇಕಿತ್ತು. ಕೈಯೆಲ್ಲ ಸೀಮೆಎಣ್ಣೆ ವಾಸನೆ."

ಅತ್ತೆ: "ಅಪ್ಪ ಇದ್ದ ಹಾಗೇ ಇದ್ದಾರೆ ನೋಡಿ. ಕಣ್ಣು ತುಂಬಿ ಬಂತು."

ಚಿಕ್ಕಪ್ಪ: "ಆ ಟ್ರೆಡಲ್ ಗುಜರಿಗೆ ಹಾಕಿದ್ದು ಯಾರು ಅಂತಾನೂ ಕೇಳಿ."

ಸುಮಾರು ಹೊತ್ತು ಟ್ರೆಡಲ್ ಮಾರಿದ ಕತೆಯೇ ನಡೆಯಿತು. ನನಗೆ ಭಾವನ ಮೇಲೆ ಸಿಟ್ಟು ಬರಲಿಲ್ಲ. ಅಜ್ಜನ ಫೋಟೋ ನೋಡಿದರೆ ಯಾರಿಗಾದರೂ ಹಾಗೇ ಆಗುತ್ತದೆ. ಆದರೂ ಆಫೀಸ್ ಕೆಲಸ ನೋಡಿಕೊಳ್ಳುವವಳು ನಾನು. ಫೈಲ್ ಹಾಳಾದರೆ ಗಿರಾಕಿ ಮುಂದೆ ನಿಲ್ಲಬೇಕಾದವಳೂ ನಾನೇ. ಚಿಕ್ಕಪ್ಪನ ಭಯವನ್ನು ಸುಳ್ಳು ಸುದ್ದಿ ಅಂತ ಪಕ್ಕಕ್ಕೆ ಇಡಲು ನನಗೆ ಮನಸ್ಸಿರಲಿಲ್ಲ. ಅದಕ್ಕೇ ಬರೆದೆ:

"ಚಿಕ್ಕಪ್ಪನ ಫಾರ್ವರ್ಡ್ ತಪ್ಪು, ಅವರ ಭಯ ತಪ್ಪಲ್ಲ. ಗೂಗಲ್‌ನವರು ಸಣ್ಣ ಕಂಪನಿಗಳಿಗೆ ಸ್ವಂತ ಹೆಸರಿನ ಮೇಲ್ ಮತ್ತು ಡಾಕ್ಸ್ ಪುಕ್ಕಟೆ ಕೊಡುತ್ತಿದ್ದರು. 2012ರ ಡಿಸೆಂಬರ್‌ನಲ್ಲಿ ಹೊಸಬರಿಗೆ ನಿಲ್ಲಿಸಿದರು. 2022ರ ಜನವರಿಯಲ್ಲಿ ಹಳಬರಿಗೂ ದುಡ್ಡು ಕಟ್ಟಿ ಅಂದರು. ಗಲಾಟೆ ಆದ ಮೇಲೆ ಮನೆ ಬಳಕೆಗೆ ಬಿಟ್ಟುಕೊಟ್ಟರು. ವ್ಯಾಪಾರದವರು ಕಟ್ಟಲೇಬೇಕಾಯಿತು. ಪುಕ್ಕಟೆ ಸಿಕ್ಕಿದ್ದರ ಮೇಲೆ ಇಡೀ ಪ್ರೆಸ್ ನಿಲ್ಲಿಸಬಾರದು ಅನ್ನೋದು ನಿಜ."

ಚಿಕ್ಕಪ್ಪ ಹೆಬ್ಬೆರಳು ಒತ್ತಿದರು. ಅಷ್ಟರಲ್ಲಿ ಕತಾರ್‌ನಲ್ಲಿರುವ ತಮ್ಮ ಎದ್ದ.

ತಮ್ಮ: "ಹಾಗಾದರೆ ಝೋಹೊ ತಗೊಳ್ಳಿ. ನಮ್ಮ ದೇಶದ ಕಂಪನಿ, ಆಫೀಸ್ ಥರದ್ದೇ ಸಾಫ್ಟ್‌ವೇರ್. ಮೊನ್ನೆ ಸೆಪ್ಟೆಂಬರ್‌ನಲ್ಲಿ ಕೇಂದ್ರ ಮಂತ್ರಿ ಅಶ್ವಿನಿ ವೈಷ್ಣವ್ ಅವರೇ ಅದಕ್ಕೆ ಹೋಗ್ತೀನಿ ಅಂದ್ರಲ್ಲ."

ಚಿಕ್ಕಪ್ಪ: "ಮಂತ್ರಿಗಳಿಗೆ ಫೈಲ್ ಹುಡುಕೋಕೆ ಜನ ಇರ್ತಾರೆ. ನನಗೆ ಯಾರಿದ್ದಾರೆ?"

ಅಕ್ಕ: "ಝೋಹೊ ರೈಟರ್ 2005ರಿಂದ ಇದೆ, ಹೊಸದೇನಲ್ಲ. ಮೈಕ್ರೋಸಾಫ್ಟ್, ಗೂಗಲ್, ಝೋಹೊ, ಯಾವುದು ತಗೊಂಡರೂ ನಾನು ಕೇಳೋದು ಮೂರೇ. ಖಾತೆ ಪ್ರೆಸ್ ಹೆಸರಲ್ಲಿ ಇದೆಯಾ? ಬೇಡ ಅಂದಾಗ ಎಲ್ಲ ಫೈಲ್ ಹೊರಗೆ ತೆಗೆಯೋಕೆ ಬರುತ್ತಾ? ಯಾರು ಏನು ತಿದ್ದಿದರು ಅಂತ ಹೆಸರು ಸಮೇತ ಕಾಣುತ್ತಾ?"

ಅಣ್ಣ: "ಮೂರನೇದು ಮೊದಲು ನೋಡೋಣ. ರೇಟ್ ಲಿಸ್ಟ್ ಹಿಸ್ಟರಿ ತೆಗೀರಿ. ಇವತ್ತೇ ತೀರ್ಮಾನ ಆಗಲಿ."

ಆ ಶೀಟಿನ ಲಿಂಕ್ ಹುಡುಕಿ ನಾನೇ ಗ್ರೂಪ್‌ಗೆ ಹಾಕಿದೆ. ಗೂಗಲ್ ಶೀಟ್‌ನಲ್ಲಿ ತಿದ್ದುವ ಹಕ್ಕಿದ್ದವರಿಗೆ ವರ್ಷನ್ ಹಿಸ್ಟರಿ ಕಾಣುತ್ತದೆ. ಯಾವ ದಿನ ಪಟ್ಟಿಯ ಯಾವ ಚೌಕದಲ್ಲಿ ಏನು ಬದಲಾಯಿತು ಅಂತ ಬಣ್ಣ ಸಮೇತ ತೋರಿಸುತ್ತದೆ. ಅಕ್ಕ ಹಿಂದಕ್ಕೆ ಹೋಗಿ ಸೊಸೈಟಿ ಕೊಟೇಶನ್ ವಾರಕ್ಕೆ ಬಂದಳು. ಸ್ಕ್ರೀನ್‌ಶಾಟ್ ಕಳಿಸಿದಳು. ಮ್ಯಾಪ್ಲಿಥೊ ದರ ಬದಲಾದ ದಿನ ಸಿಕ್ಕಿತ್ತು. ಬದಲಿಸಿದವರ ಹೆಸರಿನ ಜಾಗದಲ್ಲಿ ಅನಾಮಧೇಯ ಅಂತ ಇತ್ತು.

ಕಾರಣ ಸರಳ. ಆ ಹುಡುಗ ಲಿಂಕ್ ಇದ್ದವರು ಯಾರು ಬೇಕಾದರೂ ತಿದ್ದಬಹುದು ಅಂತ ಬಿಟ್ಟಿದ್ದ. ಆಗ ಎಲ್ಲರಿಗೂ ಅದೇ ಸುಲಭ ಅನಿಸಿತ್ತು. ಲಾಗಿನ್ ಆಗದೆ ತಿದ್ದಿದವರ ಹೆಸರು ದಾಖಲೆಯಲ್ಲಿ ಉಳಿಯುವುದಿಲ್ಲ.

ಅಣ್ಣ: "ಹಾಗಾದರೆ ನಾನೇ ಅಂತ ಇಷ್ಟು ವರ್ಷ ಹೇಳಿದ್ದು ಯಾವ ಆಧಾರದ ಮೇಲೆ?"

ಚಿಕ್ಕಪ್ಪ: "ನೀನಲ್ಲ ಅಂತಾನೂ ಇದರಲ್ಲಿ ಇಲ್ಲವಲ್ಲ."

ದೊಡ್ಡಪ್ಪ: "ಇಬ್ಬರೂ ಸುಮ್ಮನಿರಿ. ಹೆಣ್ಣುಮಕ್ಕಳು, ಅಳಿಯಂದಿರು ಎಲ್ಲ ನೋಡ್ತಿದ್ದಾರೆ."

ಅಕ್ಕ: "ದೊಡ್ಡಪ್ಪ, ಜಗಳ ಆಮೇಲೆ. ಈ ಶೀಟಿನ ಮಾಲೀಕ ಯಾರು ಗೊತ್ತಾ? ಆ ಡಿಟಿಪಿ ಹುಡುಗನ ಸ್ವಂತ ಜಿಮೇಲ್. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದಾನೆ. ಎರಡು ವರ್ಷ ಬಳಸದ ಖಾತೆಯನ್ನ ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಆ ನಿಯಮ ಜಾರಿಯಲ್ಲಿದೆ. ಅವನ ಖಾತೆ ಹೋದರೆ ನಿಮ್ಮ ರೇಟ್ ಲಿಸ್ಟೂ ಹೋಯ್ತು. ಅಕ್ಟೋಬರ್ 14 ಕಾಯೋದೇ ಬೇಡ."

ಇದೇ ನನ್ನ ಮಾತೂ ಆಗಿತ್ತು. ಮೂರು ಬ್ರಾಂಚಿನ ದರ, ಗಿರಾಕಿಗಳ ಫೋನ್ ನಂಬರ್, ಬಾಕಿ ಪಟ್ಟಿ ಎಲ್ಲ ಕೆಲಸ ಬಿಟ್ಟ ಹುಡುಗನ ಖಾತೆಯಲ್ಲಿದೆ. ಅವನು ಒಳ್ಳೆಯವನು, ಅದು ಬೇರೆ ವಿಷಯ. ಎಷ್ಟೋ ಸಣ್ಣ ಅಂಗಡಿಗಳಲ್ಲಿ ಹೀಗೇ ನಡೆದಿದೆ. ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ ಬರುತ್ತಾನೆ, ತನ್ನ ಜಿಮೇಲ್‌ನಲ್ಲೇ ಎಲ್ಲ ಶುರು ಮಾಡುತ್ತಾನೆ. ಅವನು ಹೋಗುವಾಗ ಬೀಗದ ಕೈ ಕೇಳಿ ಇಸ್ಕೊಳ್ಳುತ್ತೇವೆ, ಫೈಲ್ ಕೇಳುವುದಿಲ್ಲ.

ತಮ್ಮ: "ಕಾಪಿ ಮಾಡಿಕೊಂಡರೆ ಆಯ್ತಲ್ಲ?"

ಅಕ್ಕ: "ಕಾಪಿ ಮಾಡಿದರೆ ಹಿಸ್ಟರಿ ಬರಲ್ಲ. ಅವನ ಜಿಮೇಲ್‌ನಿಂದ ಇನ್ನೊಂದು ಜಿಮೇಲ್‌ಗೆ ಮಾಲೀಕತ್ವ ವರ್ಗಾಯಿಸಬಹುದು, ಆದರೆ ಅವನೇ ಒಳಗೆ ಹೋಗಿ ಮಾಡಬೇಕು. ಮತ್ತೆ ಬಿಲ್ ಫೈಲ್‌ಗಳೂ ಅವನ ಹತ್ತಿರವೇ ಇದ್ದರೆ ಹುಷಾರು. ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಲೆಕ್ಕ ಇಡಬೇಕು."

ಇಷ್ಟಾದ ಮೇಲೆ ಚಿಕ್ಕಪ್ಪ ಒಂದು ಪ್ರಶ್ನೆ ಕೇಳಿದರು. ಇಡೀ ಸಂಜೆಯಲ್ಲಿ ನನಗೆ ಅತಿ ಮುಖ್ಯ ಅನಿಸಿದ ಪ್ರಶ್ನೆ ಅದೇ. "ಎಲ್ಲ ಸರಿ. ನುಡಿ ಫೈಲ್ ಏನು ಮಾಡ್ತೀರಿ?"

ಕನ್ನಡ ಪ್ರೆಸ್ ನಡೆಸುವವರಿಗೆ ಇದು ಗೊತ್ತು. ನಮ್ಮ ಲಗ್ನಪತ್ರಿಕೆ, ಆಮಂತ್ರಣ, ಕರಪತ್ರಗಳ ಹಳೆ ಫೈಲ್ ಎಲ್ಲ ನುಡಿ ಫಾಂಟ್‌ನಲ್ಲಿವೆ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ ಸಾಫ್ಟ್‌ವೇರ್ ಇಲ್ಲದಿದ್ದರೆ ನಮ್ಮ ಡಿಟಿಪಿ ಕೆಲಸ ಬೆಳೆಯುತ್ತಲೇ ಇರಲಿಲ್ಲ. ಆದರೆ ಆ ಹಳೆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಯುವುದು ಇಂಗ್ಲಿಷ್ ಚಿಹ್ನೆಗಳು. ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ತೋರಿಸುತ್ತದೆ. ಆ ಫೈಲನ್ನು ಗೂಗಲ್ ಡಾಕ್ಸ್‌ಗೆ ಏರಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹೆಸರು ಹಾಕಿ ಹುಡುಕಿದರೂ ಸಿಗುವುದಿಲ್ಲ. ಕನ್ನಡ ಅಕ್ಷರ ಒಳಗೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಅವು ಬಹುಪಾಲು ಸರಿಯಾಗಿ ಮಾಡುತ್ತವೆ. ಆದರೂ ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ಎಡವುವುದುಂಟು. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಒತ್ತು ಹೋದರೆ ಗಿರಾಕಿ ಸುಮ್ಮನಿರುತ್ತಾರಾ?

ಸಾಫ್ಟ್‌ವೇರ್ ಬದಲಿಸಿ ಅಂತ ಸಲಹೆ ಕೊಡುವವರು ಇದನ್ನು ಯೋಚಿಸುವುದೇ ಇಲ್ಲ. ಸಣ್ಣ ಪ್ರೆಸ್‌ಗೆ ಲೈಸೆನ್ಸ್ ದುಡ್ಡಿಗಿಂತ ಹಳೆ ಫೈಲ್ ತಿದ್ದುವ ಕೂಲಿಯೇ ಜಾಸ್ತಿ.

ನಾನು ಬರೆದೆ: "ಎಲ್ಲ ಫೈಲ್ ಬದಲಿಸೋದು ಬೇಡ. ಈಗಲೂ ಗಿರಾಕಿ ಕೇಳುವ ಮಾದರಿಗಳನ್ನ ಮಾತ್ರ ಯೂನಿಕೋಡ್ ಮಾಡಿ, ಭಾವ ಪ್ರೂಫ್ ನೋಡಲಿ. ಮಿಕ್ಕಿದ್ದಕ್ಕೆ ಪಿಡಿಎಫ್ ತೆಗೆದಿಡೋಣ. ಹಳೆ ವಿಂಡೋಸ್ ಇರುವ ಒಂದು ಕಂಪ್ಯೂಟರಲ್ಲಿ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್ ಹಾಗೇ ಇರಲಿ. ಅದಕ್ಕೆ ಇಂಟರ್ನೆಟ್ ಬೇಡ. ಹೊಸದನ್ನ ಮೊದಲು ಒಂದೇ ಬ್ರಾಂಚ್‌ನಲ್ಲಿ ನೋಡೋಣ. ಲಗ್ನದ ಸೀಸನ್ ಶುರುವಾದ ಮೇಲೆ ಮಾತ್ರ ಬೇಡ."

ಭಾವ: "ಪ್ರೂಫ್ ನಾನು ನೋಡ್ತೀನಿ. ಅಪ್ಪನ ಹತ್ತಿರ ಕಲಿತದ್ದು ಅದೊಂದೇ."

ಚಿಕ್ಕಪ್ಪ: "ಮೊದಲ ಬ್ರಾಂಚ್ ಚಿತ್ರದುರ್ಗ ಆಗಲಿ. ಇಲ್ಲಿ ನಡೆದರೆ ಎಲ್ಲ ಕಡೆ ನಡೆಯುತ್ತೆ. ಅಡ್ಮಿನ್ ಯಾರು? ದಾವಣಗೆರೆಯವರೇ ಅಂದರೆ ನಾನು ಒಪ್ಪಲ್ಲ."

ಅಕ್ಕ: "ಅಡ್ಮಿನ್ ಇಬ್ಬರು ಇರಲೇಬೇಕು. ಒಬ್ಬರ ಫೋನ್ ಕಳೆದರೆ ಇನ್ನೊಬ್ಬರು ತೆರೀಬೇಕಲ್ಲ. ನೀವು ಮತ್ತು ಅಣ್ಣ."

ಅಣ್ಣ: "ನಾನಾ? ಚಿಕ್ಕಪ್ಪ ಒಪ್ಪಿದರೆ ಸರಿ."

ಚಿಕ್ಕಪ್ಪ: "ಯಾರು ಏನು ತಿದ್ದಿದರೂ ಹೆಸರು ಬರುತ್ತೆ ಅಂದ್ರಲ್ಲ. ಇರಲಿ."

ದೊಡ್ಡಪ್ಪ: "ಆ ಹುಡುಗನಿಗೆ ನಾಳೆ ನಾನೇ ಫೋನ್ ಮಾಡ್ತೀನಿ. ನಾನು ಹೇಳಿದರೆ ಇಲ್ಲ ಅನ್ನಲ್ಲ. ಏನು ಕೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಕಳಿಸಮ್ಮ. ದೊಡ್ಡ ಅಕ್ಷರದಲ್ಲಿ."